ಎಡಗಡೆಯ ಕೂದಲು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕೂದಲಕ್ಕ ಎಂದೇ ಕರೆಯುತ್ತಿದ್ದರು. ಗಾಂಜಾ ಸೇದಿದವರನ್ನು ಮೂತ್ರದಿಂದ ಪತ್ತೆಹಚ್ಚುವುದು ಅಲ್ಲಿನ ಹಳೆಯ ಕೆಲಸ. ಆದರೆ ಬೇರೆಯವರ ಮೂತ್ರವನ್ನು ಜೇಬಿನಲ್ಲಿಟ್ಟುಕೊಂಡು ಬಂದು ಕಣ್ಣಿಗೆ ಮಣ್ಣೆರಚುವವರು ಹೆಚ್ಚಾದಾಗ, ಕೂದಲು, ಉಗುರು, ಕಿವಿಯ ಗುಗ್ಗೆಗಳ ಪರೀಕ್ಷೆ ಶುರುವಾಯಿತು. ಅದೆಲ್ಲ ಅವಳ ಪಾಲಿಗೆ ಬಂತು. ಯಾವುದೋ ಕೆಟ್ಟ ಜ್ವರದಲ್ಲಿ ಅವಳಿಗೆ ವಾಸನೆಯೇ ತಿಳಿಯದಂತಾಗಿತ್ತು. "ನನ್ನ ಮೂಗು ಕನ್ನಡಕ ನಿಲ್ಲಿಸೋ ಗೂಟ ಅಷ್ಟೆ, ಏನು ಬೇಕಾದ್ರೂ ಕೊಡಿ" ಎಂದು ನಗುತ್ತಿದ್ದಳು.

ಮದುವೆ ಆಗಿರಲಿಲ್ಲ. ಒಬ್ಬಳೇ ತಂಗಿ ಮದುವೆಯಾಗಿ ಬೇರೆ ಮನೆಯಲ್ಲಿದ್ದಳು. ಅಮ್ಮ ಇರುವವರೆಗೆ ಅಮ್ಮನನ್ನು ನೋಡಿಕೊಂಡಳು. ಆಮೇಲೆ ಒಬ್ಬ ವಿಧವೆ ಅಜ್ಜಿಯ ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ಹಿಡಿದಳು. ಮುಂಭಾಗದಲ್ಲಿ ಅಜ್ಜಿ ಒಬ್ಬಳೇ. ಒಬ್ಬನೇ ಮಗ ದೂರದ ಊರಿಗೆ ಹೋದವನು ತಿರುಗಿ ನೋಡಲಿಲ್ಲವಂತೆ. ಇಬ್ಬರೂ ಒಂಟಿ, ಚೆನ್ನಾಗಿ ಹೊಂದಿಕೆಯಾಗಿತ್ತು.

ಹೊಸ ಯಂತ್ರ ಬಂದಾಗ ಗಾಂಜಾ ಮುಟ್ಟದವರ ಕೂದಲು ಬೇಕಾಯಿತು. ಹೋಲಿಸಿ ನೋಡಲು ಶುದ್ಧ ಮಾದರಿ ಇರಬೇಕಲ್ಲ. ಅವಳು ತನ್ನ ತಲೆಯ ಎರಡೂ ಕಡೆಯಿಂದ ಒಂದೊಂದು ಕುಚ್ಚು ಕೂದಲು ಕತ್ತರಿಸಿ ಕೊಟ್ಟಳು. ಬಲಗಡೆಯದು ಶುದ್ಧವಾಗಿತ್ತು. ಎಡಗಡೆಯದರಲ್ಲಿ ಗಾಂಜಾ ಇತ್ತು.

ಮಾದರಿ ಅದಲುಬದಲಾಗಿರಬೇಕು ಎಂದುಕೊಂಡು ಮತ್ತೆ ಕತ್ತರಿಸಿದಳು, ಮತ್ತೆ ಅದೇ. ಎಡಕಿವಿಯ ಗುಗ್ಗೆ ತೆಗೆದು ನೋಡಿದರೆ ಅದರಲ್ಲೂ ಸಣ್ಣ ಸುಳಿವು. ಸಹೋದ್ಯೋಗಿಗಳು "ಏನಕ್ಕಾ, ಮುಚ್ಚಿಟ್ಟುಕೊಂಡು ಸೇದ್ತೀಯಾ?" ಎಂದು ತಮಾಷೆ ಮಾಡಿದರು. ಲ್ಯಾಬಿನ ಮುಖ್ಯಸ್ಥರು ಮಾತ್ರ ನಗಲಿಲ್ಲ. ಅವಳನ್ನು ಒಳಗೆ ಕರೆದು ಕೂರಿಸಿದರು.

"ನೀವು ಸೇದಿಲ್ಲಮ್ಮಾ. ಸೇದಿದ್ರೆ ಅದು ಮೈಯೊಳಗೆ ಹೋಗಿ ಬೇರೆ ರೂಪ ತಾಳುತ್ತೆ. ಆ ಗುರುತು ನಿಮ್ಮ ಕೂದಲಲ್ಲಿ ಇಲ್ಲ. ಇದು ಹೊರಗಿಂದ ಅಂಟಿದ್ದು."

"ಹೊಗೆ ಇರಬಹುದಾ ಸರ್?"

"ಹೊಗೆಯಾಗಿದ್ರೆ ಎರಡೂ ಕಡೆ ಕೂರ್ತಿತ್ತು. ಇದು ಗಾಂಜಾ ತಿಕ್ಕಿದ ಕೈಯಲ್ಲಿ ತಲೆ ಸವರಿದ ಹಾಗಿದೆ. ಒಂದು ಸಲ ಅಲ್ಲ, ಎಷ್ಟೋ ಸಲ." ಅವರು ತಡೆದು ಕೇಳಿದರು: "ಮನೇಲಿ ಯಾರ್ಯಾರಿದ್ದೀರಿ?"

"ನಾನೊಬ್ಬಳೇ ಸರ್."

ಹೇಳುತ್ತಿದ್ದ ಹಾಗೆ ಅವಳ ಕೈ ಎಡಗಿವಿಯ ಮೇಲಿನ ಕೂದಲಿಗೆ ಹೋಯಿತು.

ಮರುದಿನ ರಜೆ ಹಾಕಿ, ಹತ್ತಿಕಡ್ಡಿಗಳ ಪೊಟ್ಟಣ ಹಿಡಿದು ತನ್ನದೇ ಮನೆಯನ್ನು ಕಳ್ಳಿಯಂತೆ ಹುಡುಕಿದಳು. ಬಾಗಿಲ ಚಿಲಕ, ಕಿಟಕಿ, ಮಂಚದ ಅಂಚು, ಬೀರುವಿನ ನೆತ್ತಿ, ಬೀರುವಿನ ಮೇಲೆ ಅಟ್ಟದ ಕಂಡಿ ಮುಚ್ಚಿದ್ದ ಹಲಗೆ, ಎಲ್ಲವನ್ನೂ ಒರೆಸಿ ಲ್ಯಾಬಿಗೆ ಒಯ್ದಳು. ಕಿಟಕಿಯಲ್ಲಿ ಏನೂ ಇರಲಿಲ್ಲ. ಬಾಗಿಲ ಚಿಲಕದಲ್ಲಿ, ಬೀರುವಿನ ನೆತ್ತಿಯಲ್ಲಿ, ಹಲಗೆಯ ಅಂಚಿನಲ್ಲಿ ಇತ್ತು. ಹಲಗೆಯ ಮೇಲೆ ಮನುಷ್ಯರ ಬೆವರಿನ ಜಿಡ್ಡೂ ಇತ್ತು.

ಆ ಅಟ್ಟ ಇಡೀ ಮನೆಗೆ ಒಂದೇ. ಅದಕ್ಕೆ ಏಣಿ ಇದ್ದದ್ದು ಅಜ್ಜಿಯ ಕಡೆ.

ಮನೆಗೆ ಬಂದವಳೇ ಬೀರುವಿನ ಪಕ್ಕ ಸ್ಟೂಲ್ ಇಟ್ಟು ಹತ್ತಿದಳು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಹಲಗೆಗೆ ಕೈ ಚಾಚಿ ಕೇಳಿದಳು: "ಯಾರದು?"

ತಲೆಯ ಮೇಲೆಯೇ, ಉಸಿರು ತಗಲುವಷ್ಟು ಹತ್ತಿರದಿಂದ ಒಂದು ಗಂಡುದನಿ ಮೆಲ್ಲಗೆ ಹೇಳಿತು: "ಸ್ಟೂಲ್ ಅಲ್ಲಾಡ್ತಿದೆ. ಇಳೀರಿ, ಬೀಳ್ತೀರ."

ಅವಳ ಕಿರುಚಾಟಕ್ಕೆ ಅಜ್ಜಿ ಓಡಿ ಬಂದಳು. ಮೇಲೆ ನೋಡಿದಳು, ಇವಳನ್ನು ನೋಡಿದಳು, ನೆಲಕ್ಕೆ ಕುಸಿದಳು. "ನನ್ ಮಗ ಕಣವ್ವಾ. ಎಲ್ಲಿಗೂ ಹೋಗಿಲ್ಲ. ಕಾರ್ಖಾನೇಲಿ ಬೆಂಕಿ ಬಿದ್ದು ಮುಖ ಎಲ್ಲಾ ಸುಟ್ಟೋಯ್ತು. ಯಾರಿಗೂ ತೋರಿಸಬೇಡ, ಊರು ಬಿಟ್ಟು ಹೋದ ಅಂತ ಹೇಳಿಬಿಡು ಅಂದ. ಉರಿ ತಡೆಯೋಕಾಗದೆ ಅದನ್ನ ಸೇದ್ತಾನೆ."

"ನನ್ನ ತಲೆ ಯಾಕೆ ಮುಟ್ತಾನೆ?" ಇವಳ ದನಿ ಇವಳಿಗೇ ಗುರುತು ಸಿಗಲಿಲ್ಲ.

ಅದು ಅಜ್ಜಿಗೂ ಗೊತ್ತಿರಲಿಲ್ಲ. ಉತ್ತರ ಮೇಲಿನಿಂದಲೇ ಬಂತು.

"ನೀವು ನಿದ್ದೇಲಿ ಎದ್ದು ನಡೀತೀರಿ. ಚಿಲಕ ತೆಗೆದು ಹೊರಗೆ ಹೊರಡ್ತೀರಿ. ಬಾವಿ ಹತ್ತಿರ ಹೋಗಿ ನಿಂತಿದ್ರಿ ಒಂದ್ಸಲ. ಸದ್ದಾದಾಗ ಈ ಕಂಡಿಯಿಂದ ಇಳಿದು, ಕರ್ಕೊಂಡು ಬಂದು ಮಲಗಿಸ್ತೀನಿ. ನೀವು ಬಲಕ್ಕೆ ಹೊರಳ್ತೀರಿ, ಮತ್ತೆ ನಿದ್ದೆ ಹತ್ತೋವರೆಗೂ ತಲೆ ಸವರ್ತೀನಿ. ನೀವು 'ಅಮ್ಮಾ' ಅಂತೀರಿ. ಬೇರೇನೂ ಮಾಡಿಲ್ಲ."

ಅವಳು ಒಂದಕ್ಷರ ನಂಬಲಿಲ್ಲ. ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುರುಕಿಕೊಂಡು ತಂಗಿಯ ಮನೆಗೆ ಹೋದಳು. ಪೊಲೀಸರಿಗೆ ಹೇಳಲೇಬೇಕೆಂದು ತೀರ್ಮಾನಿಸಿ ಮಲಗಿದಳು.

ಬೆಳಿಗ್ಗೆ ತಂಗಿ ಕಾಫಿ ಲೋಟ ಕೈಗಿಡುತ್ತಾ ವಿಚಿತ್ರವಾಗಿ ನೋಡಿದಳು. "ಅಕ್ಕಾ, ರಾತ್ರಿ ಗೇಟಿನ ಹತ್ತಿರ ಬರಿಗಾಲಲ್ಲಿ ಯಾಕೆ ನಿಂತಿದ್ದೆ? ಕೂಗಿದ್ರೆ ಓ ಅನ್ನಲಿಲ್ಲ. ಕಣ್ಣು ಬಿಟ್ಕೊಂಡೇ ಇದ್ದೆ, ನನ್ನ ನೋಡ್ತಿರಲಿಲ್ಲ. ನಂಗೆ ಜೀವ ಬಾಯಿಗೆ ಬಂತು."

ಅವಳು ಲೋಟ ಕೆಳಗಿಟ್ಟು ತನ್ನ ಪಾದಗಳನ್ನು ನೋಡಿಕೊಂಡಳು. ಇಷ್ಟು ವರ್ಷ ತನ್ನ ಮೈ ತನಗೆ ಹೇಳದೆ ಎಲ್ಲೆಲ್ಲಿ ಹೋಗಿ ಬಂದಿದೆಯೋ! ಅಟ್ಟದಲ್ಲಿದ್ದವನ ಭಯ ಒಂದು ತೂಕವಾದರೆ ಇದರದ್ದು ಇನ್ನೊಂದು ತೂಕ.

ಪೊಲೀಸರ ಹತ್ತಿರ ಹೋಗಲಿಲ್ಲ. ಆ ಮನೆಗೆ ಬಾಡಿಗೆಗೂ ಮರಳಲಿಲ್ಲ, ತಂಗಿಯ ಮನೆಯಲ್ಲೇ ಉಳಿದಳು. ಅವನ ಕೈ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತಿತ್ತು. ಕೃತಜ್ಞತೆಯೋ ಹೇಸಿಗೆಯೋ ಅವಳಿಗೆ ಬಿಡಿಸಿಕೊಳ್ಳಲಾಗಲಿಲ್ಲ. ಆದರೆ ಸುಟ್ಟಗಾಯದ ನೋವಿಗೆ ಮದ್ದು ಕೊಡುವ ಒಬ್ಬ ಡಾಕ್ಟರನ್ನು ಹುಡುಕಿ, ಅಜ್ಜಿಯ ಮನೆಗೆ ತಾನೇ ಕರೆದುಕೊಂಡು ಹೋದಳು. ತಾನು ಜಗಲಿಯಲ್ಲೇ ಕೂತಳು. ಡಾಕ್ಟರ್ ಏಣಿ ಹತ್ತಿ ಹೋಗಿ ಬಹಳ ಹೊತ್ತಿನ ಮೇಲೆ ಇಳಿದು ಬಂದರು.

"ವಾಸಿ ಮಾಡಬಹುದು, ನಿಧಾನ ಆಗುತ್ತೆ" ಎಂದರು. ಚಪ್ಪಲಿ ಮೆಟ್ಟಿಕೊಳ್ಳುತ್ತಾ ನೆನಪಾದಂತೆ ಸೇರಿಸಿದರು: "ನಿಮ್ಮನ್ನ ಒಂದು ಮಾತು ಕೇಳಿ ಅಂದ. ಈಗ ನೀವಿರೋ ಕಡೆ ರಾತ್ರಿ ಬಾಗಿಲು ಯಾರು ಹಾಕ್ತಾರೆ ಅಂತ."

ಅವಳು ಅಟ್ಟದ ಕಡೆ ಕತ್ತೆತ್ತಲಿಲ್ಲ. "ತಂಗಿ ಚಿಲಕವನ್ನ ಮೇಲೆ ಹಾಕಿಸಿದ್ದಾಳೆ, ನನಗೆ ಎಟುಕಲ್ಲ ಅಂತ ಹೇಳಿ" ಎಂದಳು.