ಏಳನೇ ಕುಳಿಯ ಮಾಲಿ

ಗಾಲ್ಫ್ ಮೈದಾನದ ಮಾಲಿಗೆ ತನ್ನ ಮೇಲೆ ಹಗೆಯಿದೆ ಎಂದು ಈ ಲೇಖಕ ಮಹಾಶಯ ಎರಡು ವರ್ಷ ಬಲವಾಗಿ ನಂಬಿದ್ದ. ಚೆಂಡು ಬೀಳಬೇಕಾದ ಏಳನೇ ಕುಳಿ ನಿನ್ನೆ ಬಲಗಡೆ, ಇವತ್ತು ಎಡಗಡೆ, ನಾಳೆ ದೊಡ್ಡ ಮರಳುಗುಂಡಿಯ ಬೆನ್ನಿಗೆ! ತನ್ನ ಏಳಿಗೆ ಕಂಡು ಹೊಟ್ಟೆಕಿಚ್ಚಿಲ್ಲದೆ ಹೀಗೆಲ್ಲ ಆಗುತ್ತದೆಯೇ? ಏಳಿಗೆಯೆಂದರೆ, ಆ ತಿಂಗಳು ಬೀಸಿದ ಕೋಲು ಎರಡು ಸಲ ಚೆಂಡಿಗೇ ತಾಗಿತ್ತು.

"ನಿಮ್ಮ ಆಟಕ್ಕೆ ಹೊಟ್ಟೆಕಿಚ್ಚೇ? ಪಾಪ, ಆ ಮನುಷ್ಯನಿಗೆ ಬೇರೆ ಕೆಲಸ ಇಲ್ವೇನ್ರೀ?" ಎಂದಳು ಹೆಂಡತಿ.

ಮಹಾಶಯ ಮಣಿಯಲಿಲ್ಲ. ಮರಳುಗುಂಡಿ ಮುಚ್ಚಿಸಿ ಎಂದು ಕ್ಲಬ್ಬಿಗೆ ಅರ್ಜಿ ಬರೆದು, ತನ್ನಂತೆಯೇ ಅದರಲ್ಲಿ ಚೆಂಡು ಹೂತು ನೊಂದ ಹದಿನಾಲ್ಕು ಮಂದಿಯ ರುಜು ಹಾಕಿಸಿದ. ಭಾನುವಾರದ ಸಭೆಯಲ್ಲಿ ಓದುವುದೊಂದೇ ಬಾಕಿ.

ಶನಿವಾರ ಬೆಳಿಗ್ಗೆ ಆರಕ್ಕೇ, ಮಾಲಿಯ ಕಿತಾಪತಿಯನ್ನು ಕಣ್ಣಾರೆ ಕಂಡು ಹಿಡಿಯಲು ಹೋದ. ಮಾಲಿ ಬರಿಗಾಲಲ್ಲಿ ಹುಲ್ಲು ಮೆಟ್ಟಿ ನೋಡುತ್ತಿದ್ದ. ಕಬ್ಬಿಣದ ಕೊಳವೆ ಒತ್ತಿ ಹೊಸ ಕುಳಿ ಕೊರೆದ. ಬಂದ ಹುಲ್ಲುಹೆಂಟೆಯನ್ನು ಹಳೇ ಕುಳಿಗೆ ಕೂರಿಸಿ, ಮಗು ಮಲಗಿಸಿದಂತೆ ತಟ್ಟಿದ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಆಟವನ್ನು ಮಾತ್ರ ಒಂದು ದಿನವೂ ಆಡಿದವನಲ್ಲ.

"ದಿನಾ ಯಾಕಯ್ಯಾ ಜಾಗ ಬದಲಾಯಿಸ್ತೀಯ?"

"ಒಂದೇ ಕಡೆ ತುಳಿದ್ರೆ ಹುಲ್ಲು ಸಾಯುತ್ತೆ ಸಾರ್. ನಿಮಗೂ ಬೇಜಾರು ಬರುತ್ತೆ."

"ಮತ್ತೆ ಈ ಗುಂಡಿ?"

"ಅಗೆದಿದ್ದು ನಮ್ಮಪ್ಪ. ಎಡಗಡೆ ನೋಡಿ, ಲಾರಿ ಹೋಗೋಷ್ಟು ದಾರಿ ಬಿಟ್ಟಿದಾರೆ. ಸುತ್ತುದಾರಿ, ಆದ್ರೆ ಕ್ಷೇಮ. ಗುಂಡಿ ದಾಟಿಸೋ ಧೈರ್ಯ ಇದ್ರೆ ಒಂದು ಏಟು ಉಳಿಯುತ್ತೆ. ಇನ್ನೇನು, ಮುಚ್ಚಿಸ್ತಾರಂತೆ." ದನಿ ಇಳಿಯಿತು. "ಅಪ್ಪನ ಕೈಕೆಲಸ ಅಂತ ಉಳಿದಿರೋದು ಇದೊಂದೇ."

ಮಹಾಶಯನ ಜೇಬಿನಲ್ಲಿ ಅರ್ಜಿ ಚುಚ್ಚಿತು. ಎಡದಾರಿ ಹಿಡಿದು ಆಡಿದ. ಐದೇ ಏಟಿಗೆ ಚೆಂಡು ಕುಳಿಯೊಳಗೆ! ಜೀವಮಾನದ ಸಾಧನೆ, ಆದರೆ ಯಾಕೋ ಸಪ್ಪೆ. ವಾಪಸು ಹೋಗಿ ನೇರ ಗುಂಡಿಯ ಕಡೆಗೇ ಬೀಸಿದ. ಮರಳಲ್ಲಿ ಏಳು ಏಟು ದಂಡ. ಎಂಟನೆಯದಕ್ಕೆ ಚೆಂಡು ಹೊರಬಿತ್ತು ನೋಡಿ, ಬಾಯಿ ತುಂಬ ಮರಳಿದ್ದರೂ ರಾಜ್ಯ ಗೆದ್ದವನಂತೆ ಕುಣಿದ. ಕುಣಿತ ನಿಂತ ಮೇಲೆ ಅರ್ಜಿ ತೆಗೆದು ಹರಿದ.

"ನಾಳೆ ಸಭೇಲಿ ಓದೋಕೆ ಏನೂ ಇಲ್ಲ," ಎಂದ.

ಮಾಲಿ ಚೂರುಗಳನ್ನೂ ಅವನನ್ನೂ ನೋಡಿದ. ಗುಂಡಿಗಿಳಿದು ಮಹಾಶಯನ ಹೆಜ್ಜೆಗಳನ್ನು ಸಮ ಮಾಡತೊಡಗಿದ.

ಮಹಾಶಯನಿಗೆ ಒಂದು ಅನುಮಾನ ಮಾತ್ರ ಉಳಿದಿತ್ತು. "ಅಲ್ಲಪ್ಪಾ, ಇಷ್ಟು ದೊಡ್ಡ ಮೈದಾನದಲ್ಲಿ ಈ ಗುಂಡಿ ನನ್ನನ್ನೇ ಯಾಕೆ ಹುಡುಕ್ಕೊಂಡು ಬರುತ್ತೆ?"

"ಗುಂಡಿ ಇದ್ದಲ್ಲೇ ಇದೆ ಸಾರ್. ಹುಡುಕ್ಕೊಂಡು ಬರೋರು ನೀವು."