ಕೆಡವಬೇಕಾಗಿದ್ದ ಲೈನು

ನನ್ನ ಸೋದರಮಾವ ಪೂವಯ್ಯನಿಗೆ ಎಲ್ಲವೂ ಗೊತ್ತಿತ್ತು; ‘ಗೊತ್ತಿಲ್ಲ’ ಎನ್ನುವುದೊಂದು ಗೊತ್ತಿರಲಿಲ್ಲ. ಗಾಳಿಬೀಡಿನ ಹತ್ತಿರ ಬಿಳಿ ದೊರೆಯೊಬ್ಬನ ಕಾಫಿ ತೋಟದಲ್ಲಿ ಅವನು ರೈಟರು. ಇಪ್ಪತ್ತು ವರ್ಷ ಆಳುಗಳ ಹಾಜರಿ ಬರೆದು ಕಲಿತ ಇಂಗ್ಲಿಷಿನ ಮೇಲೆ ಭಾರೀ ಜಂಬ. ಬೇರೆಯವರಲ್ಲಿ ಒಂದು ಪದದ ಅರ್ಥ ಕೇಳುವುದೆಂದರೆ ಮೂಗು ಕೊಯ್ದಂತೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ದೊರೆ ರಜೆಯ ಮೇಲೆ ತನ್ನ ದೇಶಕ್ಕೆ ಹೋದ. ಏಪ್ರಿಲ್ ತಿಂಗಳಲ್ಲಿ ಅವನ ಕಾರ್ಡು ಬಂತು. ಕೊನೆಗೆ ಹೀಗಿತ್ತು: ‘ಡ್ರಾಪ್ ಮಿ ಎ ಲೈನ್ ಬಿಫೋರ್ ದಿ ರೈನ್ಸ್.’

ಕಾಫಿ ಕಾಯಿ ಉದುರಿದರೆ ಬೆರ್ರಿ ಡ್ರಾಪ್. ಹಾಗಾದರೆ ಡ್ರಾಪ್ ಎಂದರೆ ಬೀಳಿಸುವುದು. ಲೈನು ಎಂದರೆ ಆಳುಗಳ ಸಾಲುಮನೆ. ಮಳೆಗಾಲಕ್ಕೆ ಮುಂಚೆ ಒಂದು ಲೈನು ಕೆಡವು! ತೋಟದಲ್ಲಿದ್ದದ್ದು ಎರಡೇ ಲೈನು. ಹೊಸದು ಗಟ್ಟಿಮುಟ್ಟಾಗಿತ್ತು. ಹಳೆಯದರಲ್ಲಿ ಐದು ಸಂಸಾರ; ಕೊನೆಯ ಮನೆಯಲ್ಲಿ ಚಿನ್ನಿ, ಹನ್ನೊಂದು ದಿನದ ಬಾಣಂತಿ.

ಅಂದಿನಿಂದ ಮಾವ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬಡಿಸಿದ ತಟ್ಟೆ ಬಿಟ್ಟು ಏಳುತ್ತಿದ್ದ.

“ಎಂತ ಆತ್ ನಿಮ್ಗೆ? ಊಟನೂ ಇಲ್ಲೆ, ನಿದ್ದೆನೂ ಇಲ್ಲೆ,” ಎಂದು ಗಂಗಮ್ಮತ್ತೆ ಗದರಿದರೆ, “ದೊರೆ ಆರ್ಡರ್ ಬಂದುಟ್ಟು,” ಎಂದಷ್ಟೇ ಹೇಳಿ ಅಂಗಳಕ್ಕಿಳಿಯುತ್ತಿದ್ದ. ಕೆಡವಿದರೆ ಪಾಪ, ಕೆಡವದಿದ್ದರೆ ಕೆಲಸ ಹೋದೀತು. ಪಕ್ಕದ ತೋಟದ ರೈಟರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮಾವನ ಜಂಬಕ್ಕೆ ಬೆಂಕಿ ಬೀಳಲಿ!

ಸೋಮವಾರ ಕೆಡವಲು ಆಳುಗಳನ್ನು ಗೊತ್ತುಮಾಡಿ, ಭಾನುವಾರ ಟೇಪು ಹಿಡಿದು ಹಳೇ ಲೈನಿನ ಗೋಡೆ ಅಳೆಯಲು ಹೋದ. ಚಿನ್ನಿ ಮಗುವನ್ನು ಎದೆಗವಚಿಕೊಂಡು ಹೊರಗೆ ಬಂದಳು.

“ಗೋಡೆ ಅಳೀತೀರಲ್ಲ ರೈಟರಯ್ಯ, ಸುಣ್ಣ ಹೊಡೆಸ್ತೀರಾ?”

ಅವಳ ಮುಖದಲ್ಲಿ ಅಷ್ಟೊಂದು ಖುಷಿ. ಮಾವ ಟೇಪು ಸುತ್ತಿ ಜೇಬಿಗಿಟ್ಟ. “ನೋಡುವ,” ಎಂದವನೇ ಮನೆಗೆ ಬಂದು, ನಾಳೆ ಬರಬೇಡಿ ಎಂದು ಆಳುಗಳಿಗೆ ಹೇಳಿಕಳಿಸಿ, ದೊರೆಗೆ ನಾಲ್ಕು ಪುಟ ಬರೆದ. ಈ ಲೈನು ಬೀಳಿಸಲು ನನ್ನಿಂದಾಗದು, ಬಾಣಂತಿ ಇದ್ದಾಳೆ, ಬೇಕಾದರೆ ನನ್ನನ್ನೇ ಕೆಲಸದಿಂದ ತೆಗೆಯಿರಿ ಎಂದು.

ಆಮೇಲೆ ಮೂರು ವಾರ ಗೇಟಿಗೂ ಮನೆಗೂ ಸುತ್ತಿದ್ದೇ ಸುತ್ತಿದ್ದು. ತೋಟ ಬಿಡಬೇಕಾದೀತೆಂದು ಟ್ರಂಕನ್ನೂ ತುಂಬಿಸಿಟ್ಟ. ಕಡೆಗೂ ದೊರೆಯ ಉತ್ತರ ಬಂತು. ಅದರ ಸಾರಾಂಶ ಇಷ್ಟೇ: ‘ಪೂವಯ್ಯ, ಡ್ರಾಪ್ ಎ ಲೈನ್ ಎಂದರೆ ಎರಡು ಸಾಲು ಕಾಗದ ಬರೆ ಎಂದರ್ಥ. ನೀನು ನಾಲ್ಕು ಪುಟ ಬರೆದಿದ್ದೀಯ, ಥ್ಯಾಂಕ್ಸ್. ಯಾರ ಮನೆಯನ್ನೂ ಮುಟ್ಟಬೇಡ.’

ಮಾವ ಜಗಲಿಯಲ್ಲಿ ಕುಸಿದು ಕೂತು ಅತ್ತ. “ಒಂದು ಪದ ಕೇಳಿಕೆ ನಾಚಿಕೆ ಆಗಿ ಐದು ಮನೆ ಕೆಡವಿಕೆ ಹೊರಟಿದ್ದೆ,” ಎಂದ.

ಮರುದಿನವೇ ಹಳೇ ಲೈನಿಗೆ ಸುಣ್ಣ ಹೊಡೆಸಿದ. ಚಿನ್ನಿ ಪಕ್ಕದ ಮನೆಯವಳಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು: “ನಾ ಅವತ್ತೇ ಹೇಳ್ಲಿಲ್ವಾ, ರೈಟರಯ್ಯ ಅಳೆದದ್ದು ಸುಣ್ಣಕ್ಕೇ ಅಂತ!”

ಮಾವ ತಲೆ ಎತ್ತದೆ ಸುಣ್ಣ ಕಲಸುತ್ತಲೇ ಇದ್ದ.