ಖೋ ಕೊಟ್ಟರೂ ಏಳದವಳು

ಬೈಲಹೊಂಗಲದ ನಮ್ಮ ಕಾಲೇಜು ಮೈದಾನದಲ್ಲಿ ಖೋ ಖೋ ಅಭ್ಯಾಸ ನಡೆದಿತ್ತು. ಗೆಳತಿ ಮುಮ್ತಾಜ್ ಹಿಂದಿನಿಂದ ಓಡಿಬಂದು ನನ್ನ ಬೆನ್ನು ಮುಟ್ಟಿ ‘ಖೋ’ ಅಂದಳು. ತಟ್ಟನೆ ಎದ್ದು ಓಡಬೇಕಿತ್ತು.

ನಾನು ಏಳಲಿಲ್ಲ.

ಕಾಲು ನೋಯುತ್ತಿರಲಿಲ್ಲ. ಏಳಬೇಕೆನ್ನಿಸಲೇ ಇಲ್ಲ. ಆಮೇಲೆ ಹಾಸಿಗೆಯಿಂದಲೂ ಏಳಬೇಕೆನ್ನಿಸಲಿಲ್ಲ. ರೊಟ್ಟಿ ರುಚಿಸಲಿಲ್ಲ. ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸವಾಯಿತು. ಬೆಳಗಾವಿಯ ಡಾಕ್ಟರು ‘ಡಿಪ್ರೆಶನ್’ ಎಂದರು, ಗುಳಿಗೆ ಬರೆದರು, ಕೊನೆಗೆ ‘ಸ್ವಲ್ಪ ರೆಸ್ಟ್ ಇರಲಿ’ ಎಂದರು. ಅವ್ವ ಗಟ್ಟಿಯಾಗಿ ಹಿಡಿದುಕೊಂಡದ್ದು ಆ ಕೊನೆಯ ಮಾತನ್ನು.

ಅವ್ವನಿಗೆ ಗೊತ್ತಿದ್ದ ರೆಸ್ಟ್ ಒಂದೇ, ಬಾಣಂತಿಯದು. ಒಳಕೋಣೆಯ ಕಿಟಕಿ ಮುಚ್ಚಿದಳು. ಕಿವಿಗೆ ಅರಿವೆ ಕಟ್ಟಿದಳು. ಕುಡಿಯಲು ಬಿಸಿನೀರೇ. ನನ್ನ ಕ್ಯಾನ್ವಾಸ್ ಬೂಟು ಅಟ್ಟ ಸೇರಿದವು. ಮದುವೆಯಿಲ್ಲ, ಕೂಸಿಲ್ಲ, ಬಾಣಂತನ ಮಾತ್ರ ಜೋರು! ಬಾಜು ಮನೆಯ ಟೇಪ್ ರೆಕಾರ್ಡರ್ ಹಾಡುತ್ತಿದ್ದರೆ ಹೊರಗೆ ಜಗತ್ತು ಇನ್ನೂ ಇದೆ ಎಂದು ತಿಳಿಯುತ್ತಿತ್ತು. ಬಾಗಿಲಿಗೆ ಚಿಲಕವಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು, ಯಾಕೆಂದರೆ ತೆರೆದುಕೊಂಡು ಹೋಗಬಹುದಿತ್ತು, ಆದರೂ ನಾನು ಹೋಗುತ್ತಿರಲಿಲ್ಲ. ಇನ್ನು ಜನ್ಮವೆಲ್ಲ ಇಲ್ಲೇ ಎಂದುಕೊಂಡಿದ್ದೆ.

ಮತ್ತೆ ತೋರಿಸಲು ಹೋದಾಗ ಡಾಕ್ಟರು ನನ್ನ ಕಿವಿಯ ಅರಿವೆ ನೋಡಿದರು.

“ಇದೇನ್ರಿ ಅವ್ವಾರ?”

“ನೀವ ರೆಸ್ಟ್ ಅಂದಿದ್ರೆಲ್ರೀ.”

“ಕತ್ತಲದಾಗ ಕೂಡಸ್ರಿ ಅಂದಿದ್ನೇನ್ರಿ? ಗುಳಿಗಿ ನಾ ಕೊಡತೇನಿ. ಆಟಕ್ಕ ನೀವ ಕಳಸ್ರಿ.”

ಪಿ.ಟಿ. ಮೇಡಂ ಮನೆಗೇ ಬಂದರು. “ಓಡಬ್ಯಾಡವಾ. ಸಾಲಿನ್ಯಾಗ ಬಂದ ಕುಂಡರ, ಸಾಕು.”

ಕುಳಿತೆ. ಖೋ ಸಿಗದೆ ಏಳುವಂತಿಲ್ಲ, ಆಟದ ನಿಯಮ. ಯಾರೂ ಕೊಡಲಿಲ್ಲ. ನನಗೆ ತ್ರಾಸಾದೀತೆಂದು ಹುಡುಗಿಯರು ಮೊದಲೇ ಮಾತಾಡಿಕೊಂಡಿದ್ದರಂತೆ. ದಿನವೂ ಆಚೀಚೆಯವರು ಎದ್ದು ಓಡುವರು. ನಾನು ಅಲ್ಲೇ. ಇದೂ ಒಂದು ಒಳಕೋಣೆ, ಬಯಲಿನಲ್ಲಿ.

ಒಂದು ಸಂಜೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಸಿಟ್ಟು.

“ಎಲ್ಲಾರೂ ನನ್ನ ದಾಟಿ ಹೊಂಟೀರಿ, ನಾ ಏನ್ ಕಂಬ ಏನ?”

ಮುಮ್ತಾಜ್ ನಿಂತಳು. “ಕೊಟ್ರ ಏಳತಿಯೇನ?”

“ಕೊಟ್ಟ ನೋಡ!”

ಬೆನ್ನ ಮೇಲೆ ಕೈ ಬಿತ್ತು. ಎದ್ದೆ. ತಡವಾಗಿಯೇ ಎದ್ದೆ, ಯಾರೂ ಸಿಗಲಿಲ್ಲ, ನಾಲ್ಕು ಹೆಜ್ಜೆಗೇ ಏದುಸಿರು. ಗೇಟಿನ ಬಳಿ ಬಿಸಿನೀರಿನ ಥರ್ಮಾಸ್ ಹಿಡಿದು ಅವ್ವ ನಿಂತಿದ್ದಳು.

“ಓಡ ನನ್ನವ್ವಾ, ಓಡ!”

ಗುಳಿಗೆ ಇನ್ನೂ ನಡೆದಿವೆ. ಕೆಲವು ಬೆಳಗು ಈಗಲೂ ಹಾಸಿಗೆ ಬಿಡುವುದಿಲ್ಲ. ಅಂಥ ದಿನ ಅವ್ವ ಕಿಟಕಿ ತೆರೆದು, ಬೂಟು ತಂದು ಪಕ್ಕಕ್ಕಿಟ್ಟು, ಬೆನ್ನ ಮೇಲೆ ಕೈ ಇಡುತ್ತಾಳೆ.